ಕೆಳಗಿನ ಊರಿಗೆ ಕೊಟ್ಟ ದನಿ

ಒಂದೇ ಒಂದು ಪದ ಬದಲಿಸಿದೆ. ಅದು ತಪ್ಪು ಅಂತ ಇವತ್ತಿಗೂ ನನಗೆ ಅನಿಸಿಲ್ಲ, ಮುಂದೆ ಅನಿಸುವ ಲಕ್ಷಣವೂ ಇಲ್ಲ.

ನಾನು ಬಸವಕಲ್ಯಾಣದ ವಿದ್ಯಾವತಿ. ಹೈದರಾಬಾದಿಗೆ ಓದಲು ಹೋದಾಗ ಫಾರಸಿ ಕಲಿಯಬೇಕೆಂದಿದ್ದೆ. ಆ ವರ್ಷ ಫಾರಸಿ ತರಗತಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಪಕ್ಕದ ಕೋಣೆಯ ಜಪಾನಿ ತರಗತಿಯಲ್ಲಿ ಬೆಂಚುಗಳು ಖಾಲಿ ಬಿದ್ದಿದ್ದವು. ಹಾಗಾಗಿ ಜಪಾನಿ ಕಲಿತೆ. ಊರಿಗೆ ಮರಳಿದಾಗ ಓಣಿಯ ಹೆಂಗಸರು, "ಜಪಾನಿ ಕಲ್ತು ಏನ್ ಮಾಡ್ತಿ ತಂಗಿ, ಗಡಿಯಾರ ರಿಪೇರಿ ಮಾಡ್ತಿ?" ಅಂತ ನಕ್ಕರು. ನಗಲಿ ಬಿಡಿ. ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾ, ಬಿಡುವಿನಲ್ಲಿ ಹೈದರಾಬಾದಿನ ನನ್ನ ಮೇಡಂ ಕಳಿಸುವ ಜಪಾನಿ ಬರಹಗಳನ್ನು ಅನುವಾದಿಸುತ್ತಾ ಇದ್ದೆ.

2003ರ ಚಳಿಗಾಲ ಮುಗಿಯುವ ಹೊತ್ತಿಗೆ ಮೇಡಂ ಒಂದು ವಿಡಿಯೋ ಕ್ಯಾಸೆಟ್ ಕಳಿಸಿದರು. ಹಳೆಯ ಜಪಾನಿ ಕಾರ್ಟೂನ್ ಸಿನಿಮಾ, ಸತ್ತವರ ಲೋಕದ ಕಥೆ. ಅವರ ಸಿನಿಮಾ ಸಂಘಕ್ಕೆ ಅದರ ಪೂರ್ತಿ ದಾಖಲೆ ಬೇಕಿತ್ತು: ಪ್ರತಿ ದೃಶ್ಯದಲ್ಲಿ ಏನಿದೆ, ಯಾರು ಏನಂದರು, ಹಿಂದೆ ನಿಂತ ಭೂತ ಯಾವುದು, ಅಲ್ಲಿನ ಜನ ಅದನ್ನು ಯಾಕೆ ನಂಬುತ್ತಾರೆ. ಸಿನಿಮಾದ ಹೆಸರನ್ನು ನಾನು 'ಕೆಳಗಿನ ಊರು' ಎಂದು ಕನ್ನಡಕ್ಕೆ ತಂದೆ.

ಕಥೆ ಇಷ್ಟು. ಸುಣ್ಣದ ಭಟ್ಟಿಯಲ್ಲಿ ಸುಟ್ಟು ಸತ್ತ ಅಣ್ಣನನ್ನು ಹುಡುಕಿಕೊಂಡು ಒಬ್ಬ ಹುಡುಗಿ ಕೆಳಗಿನ ಊರಿಗೆ ಇಳಿಯುತ್ತಾಳೆ. ಅಲ್ಲೊಂದು ಹೊಳೆ. ದಂಡೆಯ ಮೇಲೆ ಕೂತ ಮುದುಕಿ ಸತ್ತವರ ಬಟ್ಟೆ ಬಿಚ್ಚಿಸಿ ಮರಕ್ಕೆ ನೇತುಹಾಕುತ್ತಾಳೆ, ಕೊಂಬೆ ಎಷ್ಟು ಬಾಗಿತೋ ಅಷ್ಟು ಪಾಪ. ಹೊಳೆಯಾಚೆ ನ್ಯಾಯ ಹೇಳುವವನು ದೊಡ್ಡ ಕನ್ನಡಿ ಇಟ್ಟುಕೊಂಡು ಕೂತಿದ್ದಾನೆ. ಮಾಡಿದ್ದೆಲ್ಲ ಕನ್ನಡಿಯಲ್ಲಿ ಕಾಣುತ್ತದೆ, ಆದರೆ ಅವನು ಅಷ್ಟಕ್ಕೇ ಬಿಡುವುದಿಲ್ಲ. ಮಾಡಿದವನು ತನ್ನ ಬಾಯಿಂದಲೇ ಹೇಳಬೇಕು. ಕೊನೆಗೆ ಭಟ್ಟಿಯ ಮಾಲೀಕ ಬರುತ್ತಾನೆ. ಹುಡುಗ ಕೆಲಸದಲ್ಲಿ ನಿದ್ದೆ ಹೋಗಿ ಸತ್ತ ಅಂತ ಊರಿಗೆಲ್ಲ ಸಾರಿದವನು. ಕನ್ನಡಿಯ ಮುಂದೆ ಕುಸಿದು ಕೂತು ಹೇಳುತ್ತಾನೆ: "ಅವನು ಮಲಗಿರಲಿಲ್ಲ. ನಾನೇ ಒಳಗೆ ಕಳಿಸಿದೆ. ಸುಳ್ಳು ಹೇಳಿದೆ."

ಈ ದೃಶ್ಯ ಮೊದಲ ಸಲ ನೋಡಿದಾಗ ಕ್ಯಾಸೆಟ್ ನಿಲ್ಲಿಸಿ ಅಂಗಳಕ್ಕೆ ಹೋಗಿ ಕೂತೆ. ಅವ್ವ ರುಕ್ಮಿಣಿಬಾಯಿ ಅಲ್ಲಿ ಜೋಳ ಹಸನು ಮಾಡುತ್ತಿದ್ದಳು.

ನನ್ನ ತಮ್ಮ ಗುರುನಾಥ ಅದಕ್ಕೂ ಐದು ವರ್ಷದ ಹಿಂದೆ ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ಗುತ್ತೇದಾರನ ಕೈಕೆಳಗೆ ಕೂಲಿಗಿದ್ದ. ಟ್ಯಾಂಕು ತೊಳೆಯಲು ಒಳಗಿಳಿದವನು ಜೀವಂತ ಮೇಲೆ ಬರಲಿಲ್ಲ. ಗುತ್ತೇದಾರ ತುಳಜಾರಾಮ ಪೊಲೀಸರ ಮುಂದೆ, "ಕುಡಿದು ಬಂದಿದ್ದ, ಯಾರೂ ಹೇಳದೇ ತಾನೇ ಹೋಗಿ ಒಳಗೆ ಬಿದ್ದ" ಅಂದ. ಅಲ್ಲಿಗೆ ಎಲ್ಲ ಮುಗಿಯಿತು.

ನಮ್ಮದು ಪಂಢರಪುರಕ್ಕೆ ನಡೆದುಕೊಂಡು ವಾರಿ ಹೋಗುವ ಮನೆತನ. ಗುರುನಾಥನ ಕೊರಳಲ್ಲಿ ಚಿಕ್ಕಂದಿನಿಂದ ತುಳಸಿಮಾಲೆ. ಮಾಲೆ ಹಾಕಿದವನು ಮಾಂಸ ತಿನ್ನುವಂತಿಲ್ಲ, ಹೆಂಡ ಮುಟ್ಟುವಂತಿಲ್ಲ. ಮುಟ್ಟಿದರೆ ಮಾಲೆ ಇಳಿಸಬೇಕು. ಹೆಣ ಅಂಗಳಕ್ಕೆ ಬಂದಾಗ ಓಣಿಯ ಭಜನಿ ಮಂಡಳಿಯ ಹಿರಿಯರು ಬಾಗಿ ಮೂಸಿ ನೋಡಿದರು. ವಾಸನೆ ಇತ್ತು. ಅದು ಟ್ಯಾಂಕಿನಲ್ಲಿದ್ದ ಸ್ಪಿರಿಟ್ಟಿನ ವಾಸನೆ, ಬಟ್ಟೆಗೆ, ಕೂದಲಿಗೆ, ಬಾಯಿಗೆ ಎಲ್ಲ ಹತ್ತಿಕೊಂಡಿತ್ತು. ಜೀವಮಾನದಲ್ಲಿ ಹೆಂಡದಂಗಡಿಯ ಮುಂದೆ ಹಾಯದ ಆ ಮುದುಕರಿಗೆ ಎರಡರ ಫರಕು ಗೊತ್ತಾಗಲಿಲ್ಲ. ಮೃದಂಗ ಬಾರಿಸುವ ನರಸಿಂಗಪ್ಪನೇ ಕತ್ತರಿ ತರಿಸಿ ಕೊರಳಿನ ಮಾಲೆ ತೆಗೆದ. ತಾಳ ಇಲ್ಲದೆ, ಭಜನೆ ಇಲ್ಲದೆ ನನ್ನ ತಮ್ಮನನ್ನು ಒಯ್ದರು.

ಆಮೇಲೆ ಅವ್ವನಿಗೆ ಭಜನೆ ನಡೆಯುವ ಮಂದಿರಕ್ಕೆ ಬಾ ಅಂತ ಯಾರೂ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ಅವಳೇ ಹೋಗುವುದು ಬಿಟ್ಟಳು. ನಾನು ಠಾಣೆಗೆ ಅಲೆದೆ, ಕಾರ್ಖಾನೆಯ ಗೇಟಿಗೆ ಅಲೆದೆ, ಒಳಗೆ ಬಿಡಲಿಲ್ಲ. ನನಗೆ ಬೇಕಾಗಿದ್ದು ಒಂದೇ. ಆ ತುಳಜಾರಾಮನ ಬಾಯಿಂದ, ಮಂದಿಯ ಮುಂದೆ, ಅವ ಕುಡಿದಿರಲಿಲ್ಲ ಅನ್ನಿಸಬೇಕು. ಅದು ಆಗುವ ಮಾತಲ್ಲ ಅಂತ ಐದು ವರ್ಷ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವನ ಮುಖವನ್ನೂ ನಾನು ನೋಡಿರಲಿಲ್ಲ.

ನಮ್ಮ ಮನೆಯ ವಿ.ಸಿ.ಆರ್. ಟೇಪು ನುಂಗುತ್ತಿತ್ತು. ಅದಕ್ಕೇ ಭಾನುವಾರ ಹೆದ್ದಾರಿಯ ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಬದಲಿಸಿ ಹುಮನಾಬಾದಿಗೆ ಹೋಗಿ, ಗೆಳತಿಯ ತಮ್ಮ ಸೋಹೇಲನ ಕೇಬಲ್ ಆಫೀಸಿನಲ್ಲಿ ಕೂತು ಕೆಲಸ ಮಾಡುತ್ತಿದ್ದೆ. ನಾನು ಒಂದೊಂದೇ ಮಾತು ನಿಲ್ಲಿಸಿ ಬರೆಯುವುದನ್ನು ನೋಡಿ ನೋಡಿ ಸೋಹೇಲನಿಗೂ ಹುಚ್ಚು ಹಿಡಿಯಿತು. ಬೇಸಿಗೆ ರಜೆಗೆ ಇದನ್ನು ನಮ್ಮ ಮಾತಿನಲ್ಲಿ ಮಾಡಿ ತನ್ನ ಚಾನೆಲ್ಲಿನಲ್ಲಿ ಹಾಕೋಣ ಅಂತ ಗಂಟುಬಿದ್ದ. ಮೇಡಂ ಮೂಲಕ ಸಂಘವನ್ನು ಕೇಳಿದೆ, ಆಗಲಿ ಅಂದರು.

ನ್ಯಾಯ ಹೇಳುವವನಿಗೆ ಯಾವ ಹೆಸರಿಡುವುದು ಅನ್ನುವುದರಲ್ಲೇ ಮೊದಲ ಜಗಳ.

"ಯಮರಾಜ ಅಂತ ಇಡ್ರಿ ಅಕ್ಕಾ. ಮಂದಿಗಿ ಲಗೂನ ತಿಳೀತದ."

"ಯಮ ಅಂದ್ರ ಕೋಣ ಎಲ್ಲಿ ಅಂತ ಕೇಳ್ತಾರ. ಇಂವಾ ನೋಡು, ಮೇಜಿನ ಮ್ಯಾಲ ಕಾಗದ ಇಟ್ಕೊಂಡು ತಹಶೀಲ್ದಾರನಂಗ ಕುಂತಾನ."

ಕೊನೆಗೆ 'ದೊಡ್ಡ ಸಾಹೇಬ' ಅಂತ ಇಟ್ಟೆವು. ಹೊಳೆ ಬಂದಾಗ ಸೋಹೇಲ, "ನಮ್ಮ ಮುಸಲ್ಮಾನರ ಕಡಿ ಸತ್ತವರು ದಾಟೂದು ಹೊಳಿ ಅಲ್ರಿ, ಸೇತುವಿ ಅದ. ಕೂದಲಕಿಂತ ಸಣ್ಣದು," ಅಂದ. ಸಿನಿಮಾದಲ್ಲಿ ಇಲ್ಲದ್ದನ್ನು ನಾನು ಹಾಕುವುದಿಲ್ಲ, ಇದ್ದದ್ದನ್ನು ಬಿಡುವುದೂ ಇಲ್ಲ ಅಂತ ಖಡಾಖಂಡಿತ ಹೇಳಿದೆ. ಆಗ ಆ ಮಾತು ಖರೆಯೇ ಆಗಿತ್ತು.

ಹುಡುಗಿಗೆ ಸೋಹೇಲನ ಹೆಂಡತಿ ಗಜಾಲಾ ದನಿ ಕೊಟ್ಟಳು, ಹೊಳೆಯ ಮುದುಕಿಗೆ ನಾನೇ ಕೊಟ್ಟೆ. ದೊಡ್ಡ ಸಾಹೇಬನಿಗೆ ಭಾರೀ ಗಂಟಲು ಬೇಕಿತ್ತು.

"ತುಳಜಾರಾಮ ಸೇಠ್ ಆದ್ರ ಹ್ಯಾಂಗ್ರಿ?" ಅಂದ ಸೋಹೇಲ. "ಗಣಪತಿ ಮುಂದಿನ ನಾಟಕದಾಗ ರಾವಣ ಆಗ್ತಾರ. ಮೈಕ್ ಇಲ್ದೇ ಚೌಕಿನ ತನಕ ಕೇಳ್ತದ."

"ಯಾವ ತುಳಜಾರಾಮ?"

"ಗುತ್ತೇದಾರ್ರಿ. ಫ್ಯಾಕ್ಟರಿಗಿ ಮಂದಿ ಕಳಸ್ತಾರಲ್ಲ, ಅವರು."

ಸೋಹೇಲನಿಗೆ ನನ್ನ ತಮ್ಮ ಸತ್ತದ್ದು ಗೊತ್ತಿತ್ತು, ಯಾರ ಕೈಕೆಳಗೆ ಅನ್ನುವುದು ಗೊತ್ತಿರಲಿಲ್ಲ. ನಾನು ಒಂದು ಲೋಟ ನೀರು ಕುಡಿದೆ. "ಕರಿ ಅವರನ್ನ," ಅಂದೆ.

ಮುಂದಿನ ಭಾನುವಾರ ಬಂದ. ಬರುವಾಗ ಎಲ್ಲರಿಗೂ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದ. ಗಜಾಲಾಳನ್ನು "ಏನವ್ವ ಮಗಳ" ಅಂದ, ನನಗೆ "ನಮಸ್ಕಾರ್ರಿ ಬಾಯಿ" ಅಂದ, ನಗುನಗುತ್ತಾ ಮೈಕಿನ ಮುಂದೆ ಕೂತ. ಕೆಟ್ಟವರು ಕೆಟ್ಟವರ ಹಾಗೆ ಕಂಡರೆ ಎಷ್ಟು ಅನುಕೂಲ ಆಗುತ್ತಿತ್ತು. ಅವನ ಭಜಿ ನಾನು ಮುಟ್ಟಲಿಲ್ಲ, ಹೊಟ್ಟೆ ಸರಿಯಿಲ್ಲ ಅಂದೆ.

ಈ ಕೆಲಸದಲ್ಲಿ ಮಾತುಗಳನ್ನು ಕಥೆ ನಡೆದ ಕ್ರಮದಲ್ಲಿ ರೆಕಾರ್ಡ್ ಮಾಡುವುದಿಲ್ಲ. ಒಬ್ಬನ ಮಾತೆಲ್ಲ ಒಂದೇ ಸಲ ಕೂರಿಸಿ ಮುಗಿಸುವುದು, ಸಲೀಸಾದದ್ದು ಮೊದಲು, ಕೂಗುವುದು ಅಳುವುದು ಕೊನೆಗೆ. ದನಿ ಕೊಡುವವನಿಗೆ ಕಾಣುವುದು ಪರದೆಯ ಮೇಲೆ ಅಲ್ಲಾಡುವ ಬಾಯಿ, ಕೈಯಲ್ಲಿರುವ ಹಾಳೆ, ಅಷ್ಟೇ. ಹಿಂದೆ ಏನಾಯಿತು, ಮುಂದೆ ಏನು, ಅವನಿಗೆ ತಿಳಿಯಬೇಕಿಲ್ಲ. ತುಳಜಾರಾಮ ದೊಡ್ಡ ಸಾಹೇಬನ ಮಾತುಗಳನ್ನು ಗುಡುಗಿದ. ಚೆನ್ನಾಗಿ ಮಾಡಿದ, ಸುಳ್ಳು ಯಾಕೆ ಹೇಳಲಿ. ಆಮೇಲೆ ನಾನು, "ಸೇಠ್‌ಜಿ, ಭಟ್ಟಿ ಮಾಲಕಂದೂ ನೀವೇ ಮಾಡ್ರಿ. ದನಿ ಸಣ್ಣ ಮಾಡಿದ್ರ ಸಾಕು," ಅಂದೆ. ಎರಡು ಪಾತ್ರ ಸಿಕ್ಕಿತು ಅಂತ ಅವನ ಮುಖ ಅರಳಿತು.

ಆ ಹಾಳೆಯನ್ನು ಹಿಂದಿನ ದಿನವೇ ಬರೆದಿಟ್ಟಿದ್ದೆ. 'ಮಲಗಿರಲಿಲ್ಲ' ಅನ್ನುವ ಜಾಗದಲ್ಲಿ 'ಕುಡಿದಿರಲಿಲ್ಲ' ಅಂತ ಹಾಕಿದ್ದೆ.

"ಅವ ಕುಡಿದಿರಲಿಲ್ಲ," ಅಂತ ಓದಿದವನು ಅಲ್ಲೇ ನಿಂತ. ಹಾಳೆ ಕೆಳಗಿಟ್ಟ. "ಯಾರ್ ಕುಡಿದಿರಲಿಲ್ರಿ, ಬಾಯಿ?"

"ಭಟ್ಟಿ ಹುಡುಗ."

"ಹಾಂ. ಭಟ್ಟಿ ಹುಡುಗ." ಹೆಗಲ ಮೇಲಿನ ವಲ್ಲಿಯಿಂದ ಕತ್ತು ಒರೆಸಿಕೊಂಡು ಮತ್ತೆ ಶುರು ಮಾಡಿದ. "ಅವ ಕುಡಿದಿರಲಿಲ್ಲ. ನಾನೇ ಒಳಗ ಕಳಸಿದೆ. ಸುಳ್ಳು ಹೇಳಿದೆ."

"ಪಶ್ಚಾತ್ತಾಪ ಕೇಳಸವಲ್ದು. ಮತ್ತೊಮ್ಮೆ ಅನ್ರಿ."

ಮತ್ತೊಮ್ಮೆ ಅಂದ. ಉಸಿರು ಕೇಳಿಸಿತು ಅಂದೆ, ಮತ್ತೆ ಅಂದ. ಹೊರಗೆ ಲಾರಿ ಹಾದು ಸದ್ದಾಯಿತು ಅಂದೆ, ಮತ್ತೆ ಅಂದ. ಅವನ ಮುಂದಿನ ಚಹಾ ಆರಿ ಕೆನೆಗಟ್ಟುವ ತನಕ ಅನ್ನಿಸಿದೆ. ಸೋಹೇಲ ನನ್ನ ಮುಖ ನೋಡುತ್ತಿದ್ದ. ನನಗೆ ಖುಷಿಯಾಯಿತು. ಐದು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ಮೇಡಂಗೆ ಕಳಿಸಿದ ದಾಖಲೆಯಲ್ಲಿ ಮಾತ್ರ 'ಮಲಗಿರಲಿಲ್ಲ' ಅಂತಲೇ ಬರೆದೆ. ಸಿನಿಮಾದ ಜೊತೆ ನನಗೇನೂ ಜಗಳ ಇರಲಿಲ್ಲ.

ಮೇ ತಿಂಗಳಲ್ಲಿ ಸಿನಿಮಾ ಚಾನೆಲ್ಲಿನಲ್ಲಿ ಬಂತು. ಮೊದಲು ಹುಮನಾಬಾದಿನಲ್ಲಿ, ವಾರದ ಮೇಲೆ ನಮ್ಮ ಬಸವಕಲ್ಯಾಣದಲ್ಲಿ. ಅವ್ವ ಪಕ್ಕದ ಮನೆಯಲ್ಲಿ ಕೂತು ನೋಡಿದಳು. ನೋಡಿ ಬಂದು ಒಲೆ ಹೊತ್ತಿಸಿದಳು. ತುಳಜಾರಾಮನ ದನಿಯನ್ನು ಊರೆಲ್ಲ ಗುರುತಿಸುತ್ತದೆ, ಅವನು ಹೇಳಿದ್ದು ಕೇಳುತ್ತದೆ, ಐದು ವರ್ಷದ ಹಿಂದಿನದು ನೆನಪಾಗುತ್ತದೆ, ನಾಳೆಯಿಂದ ಅವನಿಗೆ ಮುಖ ಎತ್ತಿ ತಿರುಗುವುದು ಆಗುವುದಿಲ್ಲ ಅಂತ ನಾನು ಲೆಕ್ಕ ಹಾಕಿದ್ದೆ.

ದನಿಯನ್ನು ಊರೆಲ್ಲ ಗುರುತಿಸಿತು. ಹಾರ ಹಾಕಿತು.

ಆಹಾ ಏನು ದನಿ, ಭಟ್ಟಿ ಮಾಲೀಕ ಅಳುವಾಗ ನಮಗೂ ಅಳು ಬಂತು ಅಂತ ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ಅವನಿಗೆ ಶಾಲು ಹೊದಿಸಿದರು. ಭಟ್ಟಿ ಸೇಠ್ ಅಂತ ಹೆಸರೇ ಬಿತ್ತು. ಚಹಾದ ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಸಿಕ್ಕರೂ ಜನ "ಆ ಮಾತೊಂದು ಅನ್ರಿ ಸೇಠ್" ಅನ್ನುವುದು, ಅವನು ಸಣ್ಣ ದನಿ ತೆಗೆದು "ಅವ ಕುಡಿದಿರಲಿಲ್ಲ, ಸುಳ್ಳು ಹೇಳಿದೆ" ಅನ್ನುವುದು, ಎಲ್ಲರೂ ಬಿದ್ದು ಬಿದ್ದು ನಗುವುದು. ಸುದ್ದಿ ಕೇಳಿ ನಾನು ಶಾಲೆಯಲ್ಲಿ ಮಕ್ಕಳ ಮೇಲೆ ಹರಿಹಾಯ್ದೆ. ನನ್ನ ತಮ್ಮನ ಸಾವನ್ನು ನಾನೇ ಕೈಯಾರೆ ಅವನಿಗೆ ಆಟ ಮಾಡಿ ಕೊಟ್ಟಿದ್ದೆ. ಸೋಹೇಲನಿಗೆ ಎಲ್ಲ ಹೇಳಿಬಿಟ್ಟೆ. ಅವನು ಆ ಕ್ಯಾಸೆಟ್ ಕೈಗೆತ್ತಿಕೊಂಡ.

"ಬಂದ್ ಮಾಡ್ಲೇನ್ರಿ ಅಕ್ಕಾ?"

"ಬ್ಯಾಡ. ವಾರಾ ವಾರಾ ಹಾಕು," ಅಂದೆ. ಯಾಕೆ ಹಾಗಂದೆ ಅಂತ ನನಗೂ ಗೊತ್ತಿಲ್ಲ. ಸಿಟ್ಟು, ಅಷ್ಟೇ.

ಸೋಹೇಲ ವಾರವಾರ ಹಾಕಿದ. ಮಳೆಗಾಲ ಹಿಡಿದ ಮೇಲೆ ಒಂದು ಏಕಾದಶಿಯ ಮಧ್ಯಾಹ್ನ ತುಳಜಾರಾಮ ನಮ್ಮ ಮನೆ ಕೇಳಿಕೊಂಡು ಬಂದ. ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು. ಕುಳಿತುಕೊಳ್ಳದೇ ಮಾತು ತೆಗೆದ.

"ಬಾಯಿ, ಆ ಮಾತೊಂದು ಬದಲ್ ಮಾಡ್ರಿ. ನಾ ಬಂದು ಮತ್ತ ಹೇಳ್ತೇನಿ. ಕುಡಿದಿರಲಿಲ್ಲ ಅನ್ನೂದು ಬ್ಯಾಡ. ಮಲಗಿರಲಿಲ್ಲ ಅನ್ರಿ, ಏನರ ಅನ್ರಿ."

ನನಗೆ ನಗು ಬಂತು, ತಡೆದುಕೊಂಡೆ. "ಯಾಕ್ರಿ? ಎಲ್ಲಾರೂ ಹೊಗಳಾಕತ್ತಾರಲ್ಲ."

"ಪ್ಯಾಟ್ಯಾಗಿನ ಮಂದಿ ಹೊಗಳ್ತಾರ್ರಿ. ನನ್ನ ಕೂಲಿ ಮಂದಿ... ಮುಂಜಾನಿ ಗೇಟಿನ ಮುಂದ ಹಾಜರಿ ತಗೋವಾಗ 'ಸೇಠ್, ಆ ಮಾತು ಅನ್ರಿ' ಅಂತಾರ. ಮೊದಲ ನಗತಿದ್ರು. ಈಗ ನಗೂದಿಲ್ರಿ. ಅನ್ನೂತನಕ ಒಳಗ ಹೋಗೂದಿಲ್ಲ. ಅಂದ್ಮ್ಯಾಲ ಸುಮ್ಮನ ನನ್ನ ಮಾರಿ ನೋಡಿ ಹೋಗ್ತಾರ. ದಿನಾ ಇದ..."

ಮಾತು ಅರ್ಧಕ್ಕೆ ನಿಂತಿತು. ಅವನ ಕಣ್ಣು ನನ್ನ ಹಿಂದಿನ ಗೋಡೆಯ ಮೇಲಿತ್ತು. ಅಲ್ಲಿ ಗುರುನಾಥನ ಫೋಟೋ. ಅವನು ನನ್ನನ್ನು ನೋಡಿದ, ಫೋಟೋ ನೋಡಿದ, ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಅವ್ವ ನೀರಿನ ಚರಿಗೆ ಹಿಡಿದು ನಿಂತಿದ್ದಳು.

"ನೀ ಅಲ್ಲೇನು, ಆ ಭಟ್ಟಿ ಮಾಲಕ?" ಅಂದಳು.

"ಹೌದ್ರಿ, ಅವ್ವಾರ."

"ಯಾರು ಕುಡಿದಿರಲಿಲ್ಲ?"

ಅವನು ಬಾಯಿ ತೆರೆದ, ದನಿ ಹೊರಡಲಿಲ್ಲ. ಮೈಕು ಬೇಡದ ಗಂಟಲು ಅದು.

"ಹೆಸರು ಹೇಳು."

"ಗುರುನಾಥ," ಅಂದ. "ಗುರುನಾಥ ಕುಡಿದಿರಲಿಲ್ರಿ."

ಅವ್ವ ಚರಿಗೆ ಕೆಳಗಿಟ್ಟಳು. "ನನಗ ಹೇಳಿ ಏನ್ ಬಂತು, ನನಗ ಮೊದಲ ಗೊತ್ತದ. ಮಂದಿರದಾಗ ಭಜನಿಗಿ ಎಲ್ಲಾರೂ ಕುಂತಾರ. ಅಲ್ಲಿ ಹೇಳು, ನಡಿ."

"ಬ್ಯಾಡ್ರಿ ಅವ್ವಾರ. ಮಂದಿ ಇರ್ತಾರ."

"ಸುಳ್ಳು ಹೇಳುವಾಗ ಮಂದಿ ಇದ್ದಿಲ್ಲೇನು?"

ನಾನು ನಡುವೆ ಬಾಯಿ ಹಾಕಿದೆ. "ಬರಲಿಲ್ಲಂದ್ರ ಆ ಸಿನಿಮಾ ದಿನಾ ಬರ್ತದ ಸೇಠ್‌ಜಿ. ಮುಂಜಾನಿ ಒಮ್ಮೆ, ಸಂಜಿಗಿ ಒಮ್ಮೆ." ಸೋಹೇಲನನ್ನು ಕೇಳಿರಲಿಲ್ಲ, ಆದರೂ ಅಂದೆ. ಅವನನ್ನು ಬೆದರಿಸುವುದು ನನಗೆ ಹಿತವಾಗಿತ್ತು.

ಮಂದಿರ ನಮ್ಮ ಓಣಿಯ ತುದಿಗೇ. ಅವನು ಮುಂದೆ, ನಾವಿಬ್ಬರೂ ಹಿಂದೆ. ಐದು ವರ್ಷದ ಮೇಲೆ ಅವ್ವ ಆ ಮೆಟ್ಟಿಲ ಹತ್ತಿರ ಬಂದಳು, ಹತ್ತಲಿಲ್ಲ, ಕೆಳಗೇ ನಿಂತಳು. ಒಳಗೆ ಒಂದು ಭಜನೆ ಮುಗಿದು ಇನ್ನೊಂದಕ್ಕೆ ತಾಳ ಎತ್ತಿಕೊಳ್ಳುತ್ತಿದ್ದರು. ನಮ್ಮ ಕೇಬಲ್ಲಿನವರು ಸಿನಿಮಾ ಶುರುವಾಗುವ ಮೊದಲು ಅವನ ಫೋಟೋ ತೋರಿಸಿದ್ದರು, ಅದಕ್ಕೇ ನರಸಿಂಗಪ್ಪ ನೋಡಿದ ಕೂಡಲೇ ಗುರುತು ಹಿಡಿದ. "ಬರ್ರಿ ಬರ್ರಿ ದೊಡ್ಡ ಸಾಹೇಬ್ರ," ಅಂತ ಪಕ್ಕಕ್ಕೆ ಸರಿದು ಜಾಗ ಮಾಡಿದ.

ತುಳಜಾರಾಮ ಕೂಡಲಿಲ್ಲ. ನಿಂತೇ ಹೇಳಿದ. "ಗುರುನಾಥ ಕುಡಿದಿರಲಿಲ್ಲ. ನಾ ಒಳಗ ಕಳಸಿದೆ. ಸುಳ್ಳು ಹೇಳಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ತಾಳವನ್ನೂ ಬಾರಿಸಿದ. "ಭಾರೀ ಅಂತೀರಿ ಸೇಠ್, ಖರೆ ಖರೆ ಕಣ್ಣೀರು ತರ್ತೀರಿ," ಅಂದ ನರಸಿಂಗಪ್ಪ.

"ಸಿನಿಮಾ ಅಲ್ರಿ ಇದು," ಅಂದ. ಅದಕ್ಕೂ ನಕ್ಕರು. "ನಾಟಕ ಅಲ್ರಿ, ನಿಮ್ಮ ಪಾದಾ ಹಿಡೀತೇನಿ," ಅಂದ. ಇದು ಇನ್ನೂ ಚೆನ್ನಾಗಿದೆ ಅಂತ ಹಿಂದಿನವರು ಮುಂದೆ ಸರಿದು ಕೂತರು. ಅವನು ನನ್ನ ಕಡೆ ತಿರುಗಿದ. "ಬಾಯಿ, ನೀವರ ಹೇಳ್ರಿ ಇವರಿಗಿ."

ನಾನು ಹೇಳಲಿಲ್ಲ. ಅವ್ವನ ಪಕ್ಕದ ಕಂಬಕ್ಕೆ ಒರಗಿ ನೋಡುತ್ತಾ ನಿಂತೆ. ತಮ್ಮ ಸತ್ತಾಗ ಒಂದೇ ಮಾತಿಗೆ ಎಲ್ಲರೂ ಅವನನ್ನು ನಂಬಿದ್ದರು. ಈಗ ನಂಬಿಸಲಿ, ಬೆವರು ಸುರಿಸಲಿ.

ಅವನು ಬೆವರು ಸುರಿಸಿಯೇ ಹೇಳಿದ. ಸಣ್ಣ ದನಿಯೂ ಅಲ್ಲ, ರಾವಣನ ದನಿಯೂ ಅಲ್ಲ, ಯಾರೂ ಕೇಳಿರದ ಒಂದು ದನಿಯಲ್ಲಿ. ರುಕ್ಮಿಣಿಬಾಯಿಯ ಮಗ ಗುರುನಾಥ ಅಂದ. ಟ್ಯಾಂಕಿನಲ್ಲಿ ಸ್ಪಿರಿಟ್ಟಿನ ಹವೆ ಇತ್ತು, ನೀವು ಮೂಸಿದ್ದು ಅದನ್ನೇ ಅಂದ. ನರಸಿಂಗಪ್ಪನ ಕೈ ಮೃದಂಗದಿಂದ ಜಾರಿತು. ಮಾಸ್ಕ್ ಇಲ್ಲದೆ ಯಾರನ್ನೂ ಇಳಿಸಬಾರದು ಅಂತ ಹುಕುಂ ಇತ್ತು, ಆದರೂ ಇಳಿಸಿದೆ ಅಂದ.

"ಅಂವಾ ಒಳಗ ಇಳದ್ಮ್ಯಾಲ ಫ್ಯಾಕ್ಟರಿ ಸಾಹೇಬರು ತಿರಗಾಡಕೋತ ಆ ಕಡಿ ಬಂದ್ರು. ಹಗ್ಗ ನನ್ನ ಕಾಲಾಗೇ ಬಿದ್ದಿತ್ತು. ಕೆಳಗ ಬಿಟ್ರ ಒಳಗ ಮನಷ್ಯಾ ಅದಾನ ಅಂತ ಅವರಿಗಿ ತಿಳೀತಿತ್ತು. ಅವರು ಹೋಗ್ಲಿ ಅಂತ ನಿಂತೆ."

ಇದು ನನಗೆ ಗೊತ್ತಿರಲಿಲ್ಲ. ಒಳಗಿಳಿದ ಕೂಡಲೇ ತಮ್ಮನಿಗೆ ಎಚ್ಚರ ತಪ್ಪಿರಬೇಕು, ಏನೂ ತಿಳಿಯದೆ ಹೋಗಿರಬೇಕು ಅಂತ ಐದು ವರ್ಷ ನಾನು ನಂಬಿಕೊಂಡಿದ್ದೆ. ಅವನು ಇನ್ನು ಬಾಯಿ ಮುಚ್ಚಿದರೆ ಸಾಕು ಅನಿಸಿತು ನನಗೆ. ಅವ್ವನ ತೋಳು ಹಿಡಿದು, "ಸಾಕು ಅವ್ವಾ, ಮನಿಗಿ ನಡಿ," ಅಂದೆ.

ಅವ್ವ ನನ್ನ ಕೈ ಸರಿಸಿದಳು. ಮೆಟ್ಟಿಲು ಹತ್ತಿ, ಮಂಡಳಿಯವರ ನಡುವೆ ದಾರಿ ಮಾಡಿಕೊಂಡು ಹೋಗಿ ಅವನ ಎದುರಿಗೆ ನಿಂತಳು.

"ಅಂವಾ ನಿನ್ನ ಕರದನೇನು?"

"ಕರದ್ರಿ."

"ಏನಂತ ಕರದ?"

"ಕಾಕಾ ಅಂದ." ತುಳಜಾರಾಮ ನೆಲ ನೋಡುತ್ತಿದ್ದ. "ಕಾಕಾ, ಹಗ್ಗ ಬಿಡ್ರಿ ಅಂದ."

"ಆಮ್ಯಾಲ?"

ಅವನು ಕೈ ಮುಗಿದ. ಅವ್ವ ಆ ಕೈಗಳನ್ನು ನೋಡಲೂ ಇಲ್ಲ.

"ಆಮ್ಯಾಲ ಏನಂದ, ಹೇಳು."

"ಆಮ್ಯಾಲ ಏನೂ ಅನಲಿಲ್ರಿ," ಅಂದ.